ಸಿರವಾರ ಸುಣ್ಣ

ರಸಾಯನಶಾಸ್ತ್ರದವರ ಹೆಸರು ಪಠ್ಯಪುಸ್ತಕ ಸೇರಿದರೆ ಸಹಿಸಿಕೊಳ್ಳಬಹುದು. ಪರೀಕ್ಷೆ ಮುಗಿದ ಮೇಲೆ ಅದನ್ನು ಯಾರೂ ನೆನಪಿಡುವುದಿಲ್ಲ. ಅಮರೇಶ ಸಿರವಾರನ ಹೆಸರು ಹಾರ್ಡ್‌ವೇರ್ ಅಂಗಡಿ ಸೇರಿತು. ರಾಯಚೂರಿನ ಯಾವ ಓಣಿಗೆ ಹೋದರೂ ಅಂಗಡಿ ಬಾಗಿಲಲ್ಲಿ ಅವನ ಬಿಳಿ ಡಬ್ಬಿಗಳು ಒಂದರ ಮೇಲೊಂದು ಕೂತಿರುತ್ತವೆ. ಡಬ್ಬಿಯ ಮೇಲೆ ಅಚ್ಚಾದ ಹೆಸರು ಬೇರೆ ಏನೋ ಇದೆ, ಸಂಸ್ಕೃತದ್ದು, ಉದ್ದದ್ದು. ಜನ ಅದನ್ನು ಓದುವ ಗೊಡವೆಗೆ ಹೋಗದೆ ‘ಸಿರವಾರ ಸುಣ್ಣ’ ಎಂದರು. ಸುಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದು ನಾನು ಎಷ್ಟೋ ಜನಕ್ಕೆ ತಿದ್ದಿದೆ. ತಿದ್ದುವಾಗೆಲ್ಲ ಅವನ ಹೆಸರನ್ನು ನನ್ನ ಬಾಯಲ್ಲೇ ಇನ್ನೊಂದು ಸಲ ಹೇಳಬೇಕಾಗುತ್ತಿತ್ತು, ಹಾಗಾಗಿ ಬಿಟ್ಟುಬಿಟ್ಟೆ.

ನಾನು ಶಿವಲೀಲಾ, ಊರೊಳಗಿನ ಹಳೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಸಹ ಪ್ರಾಧ್ಯಾಪಕಿ. ಆ ‘ಸಹ’ ನನಗೆ ಅಂಟಿಕೊಂಡು ಎಷ್ಟು ಕಾಲವಾಯಿತೆಂದರೆ ಕೆಲವರು ಅದನ್ನು ನನ್ನ ಮನೆತನದ ಹೆಸರೆಂದೇ ತಿಳಿದಿರಬಹುದು. ಅಮರೇಶ ಮತ್ತು ನಾನು ಒಬ್ಬರೇ ಗುರುಗಳ ಕೈಕೆಳಗೆ, ಒಂದೇ ಬೆಂಚಿನ ಆಚೆ ಈಚೆ ನಿಂತು ಪಿಎಚ್.ಡಿ. ಮಾಡಿದವರು. ಆ ಅಣುವನ್ನು ಮೊದಲು ಜೋಡಿಸಿದವಳು ನಾನು. ನನ್ನ ಕೈಯಲ್ಲಿ ಅದು ಜೋನಿಬೆಲ್ಲದಂಥ ಜಿಡ್ಡಾಗಿ ಕೂತಿತು, ಹರಳುಗಟ್ಟಲಿಲ್ಲ. ಬೇಸತ್ತು, ನೀನಾದರೂ ನೋಡು ಎಂದು ಸೀಸೆಯನ್ನು ಅವನ ಕಡೆ ಸರಿಸಿ ಊಟಕ್ಕೆ ಹೋದೆ. ಅವನು ಗಾಜಿನ ಕಡ್ಡಿ ತೆಗೆದುಕೊಂಡು ಸೀಸೆಯ ಒಳಗೋಡೆಯನ್ನು ಕೆರೆದ. ಹರಳು ಬರದಿದ್ದಾಗ ಹಾಗೆ ಕೆರೆಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗಾಜಿನ ಗೀರಿನ ಮೇಲೆ ಅಣುಗಳು ಕೂತು ಸಾಲುಗಟ್ಟುತ್ತವೆ. ನಾನೂ ಕೆರೆದಿದ್ದೆ. ನನಗೆ ಬರಲಿಲ್ಲ, ಅವನಿಗೆ ಬಂತು. ನಾನು ರೊಟ್ಟಿ ತಿಂದು ಬರುವಷ್ಟರಲ್ಲಿ ಸೀಸೆಯ ತುಂಬ ಹಿಟ್ಟಿನಂಥ ಬಿಳಿ ಹರಳು, ಸುತ್ತ ವಿಭಾಗದ ಜನವೆಲ್ಲ, ನಡುವೆ ಅವನು.

ಪ್ರಬಂಧ ಅಚ್ಚಾದಾಗ ಮೊದಲು ಅವನ ಹೆಸರು, ಆಮೇಲೆ ಗುರುಗಳದ್ದು, ಆಮೇಲೆ ಅಳತೆ ಯಂತ್ರದ ಮುಂದೆ ಕೂತವರದ್ದು, ಕಡೆಗೆ ನನ್ನದು. ಅಲ್ಲಿಂದ ಅವನ ದಾರಿ ಮೇಲಕ್ಕೇ ಹೋಯಿತು. ವಿದೇಶದಲ್ಲಿ ಸಂಶೋಧನೆ, ತಿರುಗಿ ಬಂದ ಕೂಡಲೇ ಪ್ರಾಧ್ಯಾಪಕ ಹುದ್ದೆ, ಊರಾಚೆಯ ಹೊಸ ಕ್ಯಾಂಪಸ್ಸಿನಲ್ಲಿ ಅವನಿಗೆಂದೇ ಕಟ್ಟಿದ ಪ್ರಯೋಗಾಲಯ, ಡೀನ್ ಪಟ್ಟ. ನಾನು ಆ ಕ್ಯಾಂಪಸ್ಸಿಗೆ ಕಾಲಿಟ್ಟವಳಲ್ಲ. ವಿಚಾರ ಸಂಕಿರಣವಿದ್ದರೆ ನನಗೆ ತಲೆನೋವು ಬರುತ್ತಿತ್ತು, ನಿಜವಾಗಿಯೂ ಬರುತ್ತಿತ್ತು.

ಆ ಹರಳಿನ ಗುಣ ಇಷ್ಟೇ. ಅದರಲ್ಲಿ ಅಣುಗಳು ಸಡಿಲವಾಗಿ, ನಡುನಡುವೆ ಜಾಗ ಬಿಟ್ಟು ಕೂತಿರುತ್ತವೆ. ಬಿಸಿಲು ಬಿದ್ದರೆ ಹೆಚ್ಚೂಕಡಿಮೆ ಪೂರ್ತಿ ವಾಪಸ್ ಎಸೆಯುತ್ತವೆ. ಅಷ್ಟೇ ಅಲ್ಲ, ಕೆಳಗಿನ ಛಾವಣಿಯ ಶಾಖವನ್ನೂ ಹೀರಿ, ಗಾಳಿ ತಡೆಯಲಾಗದಂಥ ಕಿರಣವಾಗಿಸಿ ನೇರ ಆಕಾಶಕ್ಕೆ ಕಳಿಸುತ್ತವೆ. ಕರೆಂಟು ಬೇಡ, ನೀರು ಬೇಡ. ತಗಡಿಗೆ ಒಂದು ಕೈ ಬಳಿದರೆ ಮೇ ತಿಂಗಳ ನಡುಮಧ್ಯಾಹ್ನವೂ ಒಳಗೆ ಚಾದರ ಹುಡುಕುವಂತಾಗುತ್ತದೆ.

ನಮ್ಮ ಊರಿನ ಬೇಸಿಗೆ ಕಂಡವರಿಗೆ ಮಾತ್ರ ಇದರ ಬೆಲೆ ಗೊತ್ತು. ಕೆಲವೇ ವರ್ಷಗಳಲ್ಲಿ ಊರಿನ ನಡತೆಯೇ ಬದಲಾಯಿತು. ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುತ್ತಿದ್ದ ಬಟ್ಟೆ ಬಜಾರು ತೆರೆದೇ ಇರತೊಡಗಿತು. ಕೂಲರುಗಳನ್ನು ಗುಜರಿಯವರು ತೂಕಕ್ಕೆ ಕೊಂಡರು. ತಗಡಿನ ಶೆಡ್ಡಿನಲ್ಲಿ ಮದುವೆ ಮಾಡಿ ಬೀಗರನ್ನು ಮೆಚ್ಚಿಸುವ ಕಾಲ ಬಂತು. ಹೆಂಗಸರು ಹನ್ನೆರಡು ಗಂಟೆಗೆ ಒಲೆ ಮುಂದೆ ಕೂತು ಸಮಾಧಾನದಿಂದ ರೊಟ್ಟಿ ತಟ್ಟಿದರು. ನಮ್ಮ ಮನೆಯವರು ಮಹಾದೇವ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರು. ಬೇಸಿಗೆಯಲ್ಲಿ ಜನರಿಂದ ಬೈಸಿಕೊಳ್ಳುವುದು ತಪ್ಪಿತಲ್ಲ, ದಿನಾ ಊಟಕ್ಕೆ ಕೂತಾಗ ಅಮರೇಶನ ಗುಣಗಾನ. ಅವರಿಗೆ ಪಲ್ಯ ಬಡಿಸುವಾಗ ನನ್ನ ಕೈ ಬಿಗಿಯಾಗುತ್ತಿತ್ತು. ಒಂದು ದಿನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ನಮ್ಮ ಮಾಳಿಗೆಗೂ, ಅತ್ತೆ ನೀಲಮ್ಮನವರು ಮಲಗುವ ತಗಡಿನ ಖೋಲಿಗೂ ಸಿರವಾರ ಸುಣ್ಣ ಬಳಿಸಿಬಿಟ್ಟಿದ್ದರು. ಆ ಬೇಸಿಗೆಯಿಡೀ ಅವನ ನೆರಳಲ್ಲಿ ನಾನು ಹಾಯಾಗಿ ನಿದ್ದೆ ಮಾಡಿದೆ, ಎದ್ದಾಗಲೆಲ್ಲ ಹೊಟ್ಟೆ ಉರಿದುಕೊಂಡೆ.

ಈ ವರ್ಷ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ನನ್ನನ್ನು ಕೊನೆಯ ಬಾರಿಗೆ ಕರೆಯುವವರಿದ್ದರು, ಆಮೇಲೆ ನಿವೃತ್ತಿ. ಏನಾದರೂ ಹೊಸದು ತೋರಿಸಬೇಕಿತ್ತು. ನಾನು ಆರಿಸಿಕೊಂಡದ್ದು ಹೊಸದನ್ನಲ್ಲ, ಅವನದನ್ನೇ. ಅವನ ಹರಳಿನಲ್ಲಿ ಒಂದು ಐಬು ಸಿಕ್ಕರೆ ಸಾಕು ಎಂದು ಬಿಳಿ ಪುಡಿಯನ್ನು ದ್ರಾವಕದಲ್ಲಿ ಕರಗಿಸಿ ಪಶ್ಚಿಮದ ಕಿಟಕಿಯ ಮೇಲೆ ಇಟ್ಟೆ. ಅಷ್ಟರಲ್ಲಿ ಮೌಲ್ಯಮಾಪನಕ್ಕೆ ಕಲಬುರಗಿಗೆ ಹೋಗಬೇಕಾಯಿತು. ನನ್ನ ಬಳಿ ಸಂಶೋಧನೆಗೆ ಯಾವ ವಿದ್ಯಾರ್ಥಿಯೂ ಇಲ್ಲ, ಪ್ರಯೋಗಾಲಯದ ಬೀಗದಕೈ ನನ್ನೊಬ್ಬಳದೇ. ಸೀಸೆ ಬಿಸಿಲಲ್ಲಿ ತನ್ನ ಪಾಡಿಗೆ ತಾನಿತ್ತು.

ತಿರುಗಿ ಬಂದಾಗ ದ್ರಾವಕ ಆರಿತ್ತು, ತಳದಲ್ಲಿ ಬಿಳಿ ಪುಡಿ ಇರಲಿಲ್ಲ. ಸೂಜಿಯಂಥ, ನೀರಿನಷ್ಟು ತಿಳಿಯಾದ ಹರಳುಗಳಿದ್ದವು. ಪರೀಕ್ಷಿಸಿದೆ: ಅದೇ ಅಣು, ಕೂತ ರೀತಿ ಮಾತ್ರ ಬೇರೆ. ಸಡಿಲವಾಗಿ ಕೂತಿದ್ದವು ಈಗ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಬಿಸಿಲನ್ನು ತಡೆಯುವುದಿಲ್ಲ, ಶಾಖವನ್ನು ಕಳಿಸುವುದಿಲ್ಲ, ಕಿಟಕಿಯ ಗಾಜಿನಂತೆ ಸುಮ್ಮನೆ ಇರುತ್ತದೆ. ನಿಷ್ಪ್ರಯೋಜಕ. ಆದರೆ ಅಣುವಿಗೆ ಅದೇ ನೆಮ್ಮದಿಯ ಭಂಗಿ. ಬಿಳಿ ಹರಳು ಇಷ್ಟು ವರ್ಷ ತುದಿಗಾಲಲ್ಲಿ ನಿಂತಿತ್ತು, ಕೂರುವುದು ಹೇಗೆಂದು ಯಾರೂ ತೋರಿಸಿಕೊಟ್ಟಿರಲಿಲ್ಲ ಅಷ್ಟೇ.

ಮಾರನೆಯ ದಿನ ಪಕ್ಕದ ಸೀಸೆಯ ಬಿಳಿ ಪುಡಿ ಅಂಚಿನಿಂದ ತಿಳಿಯಾಗತೊಡಗಿತು. ಆ ವಾರ ಕಪಾಟಿನಲ್ಲಿದ್ದ ಎಲ್ಲವೂ ತಿಳಿಯಾದವು. ಹೊಸದಾಗಿ ಬಿಳಿ ಹರಳು ಮಾಡಲು ಹೋದರೆ ಸೂಜಿಗಳೇ ಬಂದವು. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣ್ಣಿಗೆ ಕಾಣದಷ್ಟು ಧೂಳು ಸಾಕು, ಇಡೀ ಪಾತ್ರೆ ಹೆಪ್ಪಿನ ಗುಣಕ್ಕೇ ತಿರುಗುತ್ತದೆ. ಗಡ್ಡ ಬಿಟ್ಟ ರಸಾಯನಶಾಸ್ತ್ರಜ್ಞ ಹೋದಲ್ಲೆಲ್ಲ ಹರಳು ಹುಟ್ಟುತ್ತದೆ ಎಂದು ನಮ್ಮ ಗುರುಗಳು ತಮಾಷೆ ಮಾಡುತ್ತಿದ್ದರು. ಅದು ಪೂರ್ತಿ ತಮಾಷೆಯಲ್ಲ. ಹೆಪ್ಪು ಕೂದಲಲ್ಲಿ, ಬಟ್ಟೆಯಲ್ಲಿ ಕೂತು ಊರೂರು ತಿರುಗುತ್ತದೆ.

ಅವತ್ತು ನಾನು ಹಾಡು ಗುನುಗುತ್ತ ಮನೆಗೆ ಹೋದೆ. ಮನೆಯವರು ಏನು ವಿಶೇಷ ಎಂದು ಕೇಳಿದರು, ಏನಿಲ್ಲ ಎಂದೆ. ಮನಸ್ಸಿನಲ್ಲಿ ಪ್ರಬಂಧದ ತಲೆಬರಹ ಸಿದ್ಧವಾಗಿತ್ತು. ಊರೆಲ್ಲ ಹೊಗಳುವ ವಸ್ತು ಒಂದು ಧೂಳಿನ ಕಣಕ್ಕೆ ಸೋಲುವಂಥದ್ದು ಎಂದು ಜಗತ್ತಿಗೆ ಹೇಳುವವಳು ನಾನು. ಮೊದಲ ಹೆಸರು ನನ್ನದು, ಕೊನೆಯ ಹೆಸರೂ ನನ್ನದೇ. ಅದೇ ಹೊತ್ತಿಗೆ ಅಮರೇಶನ ಆಮಂತ್ರಣ ಪತ್ರಿಕೆ ಅಂಚೆಯಲ್ಲಿ ಬಂತು. ಸುಣ್ಣವನ್ನು ಇಡೀ ರಾಜ್ಯಕ್ಕೆ ತಯಾರಿಸುವ ಕಾರ್ಖಾನೆಯ ಉದ್ಘಾಟನೆ, ಗಣ್ಯರೆಲ್ಲ ದೊಡ್ಡ ತೊಟ್ಟಿಯ ಬಳಿ ಹೋಗಿ ನೋಡುವ ಕಾರ್ಯಕ್ರಮ. ನನ್ನ ತಲೆಗೆ ಒಂದು ಯೋಚನೆ ಬಂದು ಕೂತಿತು. ನಾನೇನೂ ಮಾಡಬೇಕಿಲ್ಲ. ಕರೆದಿದ್ದಾರೆ, ಒಳ್ಳೆಯ ರೇಷ್ಮೆ ಸೀರೆ ಉಟ್ಟು ಹೋಗಬೇಕು. ತೊಟ್ಟಿಯ ಬಳಿ ನಿಂತು ಸೆರಗು ಸರಿಮಾಡಿಕೊಳ್ಳಬೇಕು. ಸಮಾರಂಭಕ್ಕೆ ಹೋದವರನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಈ ಯೋಚನೆಯನ್ನು ನಾನು ಓಡಿಸಲಿಲ್ಲ, ಸಕ್ಕರೆಯಚ್ಚಿನಂತೆ ಬಾಯಲ್ಲಿಟ್ಟುಕೊಂಡು ಓಡಾಡಿದೆ.

ಖೋಲಿಯಲ್ಲಿ ಸೆಕೆಯಾಗುತ್ತಿದೆ ಎಂದು ಅತ್ತೆ ಹೇಳಿದ್ದು ಆಗಲೇ. ವಯಸ್ಸಾದವರ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ದಿನ ಬಿಟ್ಟು ಬಟ್ಟೆ ತೆಗೆಯಲು ಮಾಳಿಗೆಗೆ ಹೋದಾಗ ಕಂಡಿತು. ನನ್ನ ಸೀರೆ ಒಣಹಾಕುವ ಹಗ್ಗದ ಕೆಳಗೆ, ಅಷ್ಟಗಲ, ಎಣ್ಣೆ ಚೆಲ್ಲಿದ ಹಾಗೆ ಬಿಳಿ ಮಾಸಿ ನೆಲ ಕಾಣುತ್ತಿತ್ತು. ಆ ಕಲೆ ಅತ್ತೆಯ ತಗಡಿನ ಮೇಲೂ ಇಳಿದಿತ್ತು. ಮೊದಲು ನನಗೆ ಅನಿಸಿದ್ದು ಹೆಮ್ಮೆ: ನನ್ನ ಹರಳು ಪ್ರಯೋಗಾಲಯದ ಹೊರಗೂ ಗೆಲ್ಲುತ್ತದೆ. ಮಾಳಿಗೆಯ ಆಚೆ ನೋಡಿದೆ. ಗೋಡೆಗೆ ಗೋಡೆ ಹಚ್ಚಿಕೊಂಡ ಮನೆಗಳು, ಬೆಳ್ಳಗೆ, ಕಣ್ಣು ಹೋಗುವವರೆಗೆ. ಆಗಲೂ ನಾನು ಬಟ್ಟೆ ಮಡಿಚಿಕೊಂಡು ಕೆಳಗೆ ಬಂದೆ.

ಮರುದಿನ ಮಧ್ಯಾಹ್ನ ಅತ್ತೆ ಖೋಲಿಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರು. ಮೈ ಕಾದ ಹಂಚಿನಂತಿತ್ತು. ಕೊಡದ ನೀರೆಲ್ಲ ಅವರ ಮೇಲೆ ಸುರಿದು, ಆಟೋದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಒಯ್ದೆ. ಖಾಲಿ ಮಂಚವಿದ್ದದ್ದು ಹೆರಿಗೆ ವಾರ್ಡಿನ ಮೂಲೆಯಲ್ಲಿ. ಹಳೆಯ ತಗಡಿನ ಉದ್ದನೆಯ ಕೋಣೆ, ಮೇಲೆ ಸಿರವಾರ ಸುಣ್ಣ. ಹೊರಗೆ ನೆಲ ಕುದಿಯುತ್ತಿದ್ದರೆ ಒಳಗೆ ಬಾಣಂತಿಯರು ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸುಗಳನ್ನು ಬೆಚ್ಚಗೆ ಸುತ್ತಿಕೊಂಡು ಮಲಗಿದ್ದರು. ಗ್ಲೂಕೋಸು ಹತ್ತಿ ಅತ್ತೆ ಕಣ್ಣು ಬಿಟ್ಟರು. ಸುತ್ತ ನೋಡಿ, ಮೇಲೆ ನೋಡಿ, ಯಾರಿಗೋ ಎಂಬಂತೆ ಹೇಳಿದರು: “ಈ ಸುಣ್ಣ ಮಾಡಿದಾವನ ಹೊಟ್ಟಿ ತಣ್ಣಗಿರ್ಲಿ.” ಮಾಡಿದವನು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ನನಗೆ ಅವನನ್ನು ಕಂಡರಾಗದು ಎಂಬುದೂ.

ಹಿಂತಿರುಗಿ ನೋಡಿದರೆ ಪಕ್ಕದ ಬಾಣಂತಿಯ ತಾಯಿ ನಾನು ತಂದಿದ್ದ ಒದ್ದೆ ಟವೆಲ್ಲನ್ನೂ ದುಪ್ಪಟಿಯನ್ನೂ ಹಿಂಡಿ ಹೆಗಲ ಮೇಲೆ ಹಾಕಿಕೊಂಡು ಹೊರಟಿದ್ದಳು. ಎಲ್ಲಿಗೆ ಎಂದೆ. ಈ ತಗಡಿಗೆ ಹತ್ತಿಕೊಂಡ ಮಾಳಿಗೆಗೆ, ಎಲ್ಲರೂ ಅಲ್ಲೇ ಒಣಹಾಕುವುದು, ಈ ಬಿಸಿಲಿಗೆ ಚಿಟಿಕೆಯಲ್ಲಿ ಒಣಗುತ್ತವೆ ಎಂದಳು ಪುಣ್ಯಾತ್ಗಿತ್ತಿ. ಅವಳ ಹೆಗಲಿಂದ ಬಟ್ಟೆಗಳನ್ನು ಕಸಿದುಕೊಂಡೆ. ವಾರ್ಡಿನ ಜನವೆಲ್ಲ ನನ್ನನ್ನೇ ನೋಡಿದರು. ನಮ್ಮ ಮಾಳಿಗೆಯ ಹಗ್ಗದ ಮೇಲೆ ಒಣಗಿದ್ದ ಬಟ್ಟೆಗಳವು. ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದ ಯೋಚನೆಯ ರುಚಿ ಅಲ್ಲಿ ಮೊದಲ ಸಲ ಕಹಿಯಾಯಿತು.

ಆಮೇಲೆ ಕೂತು ಯೋಚಿಸಿದೆ. ಪ್ರಬಂಧ ಬರೆದರೆ ಜಗತ್ತಿನ ಹತ್ತು ಕಡೆ ಅದನ್ನು ಮಾಡಿ ನೋಡುತ್ತಾರೆ. ಹತ್ತು ಕಡೆಯಿಂದ ಹೆಪ್ಪು ಹೊರಬೀಳುತ್ತದೆ, ಬಿಳಿ ಹರಳು ಭೂಮಿಯ ಮೇಲೆ ಎಲ್ಲೂ ಉಳಿಯುವುದಿಲ್ಲ. ಹಿಂದೊಮ್ಮೆ ಒಂದು ಔಷಧಿಯೇ ಹೀಗೆ ಕೈತಪ್ಪಿ ಹೋದದ್ದುಂಟು. ಅಮರೇಶನಿಗಷ್ಟೇ ಹೇಳೋಣವೆಂದರೆ ಅವನನ್ನು ನಾನು ಬಲ್ಲೆ. ಹೊಸ ಹರಳು ಎಂದು ಕೇಳಿದರೆ ಉಂಡ ಕೈ ತೊಳೆಯದೆ ಓಡಿಬರುತ್ತಾನೆ, ಜೇಬಲ್ಲಿ ಖಾಲಿ ಸೀಸೆ ಇಟ್ಟುಕೊಂಡು. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಬರುತ್ತಿದ್ದೆ. ಇನ್ನೊಂದು ಮಾತೂ ಇದೆ, ಮುಚ್ಚಿಡುವುದೇಕೆ: ಒಂದು ಸಲ ಸೀಸೆ ಅವನ ಕಡೆ ಸರಿಸಿದ್ದು ಸಾಕಾಗಿತ್ತು.

ಉಳಿದ ದಾರಿ ಒಂದೇ, ಅಳಿಸಿಹಾಕುವುದು. ವಾಷಿಂಗ್ ಸೋಡಾದ ಬಿಸಿನೀರಿಗೆ ಆ ಅಣು ತಾಳುವುದಿಲ್ಲ, ಮುರಿದು ಕರಗುತ್ತದೆ. ಕೆಟ್ಟ ವಾಸನೆಯ ನೆಪ ಹೇಳಿ ಪ್ರಯೋಗಾಲಯ ಮುಚ್ಚಿಸಿದೆ. ಸೂಜಿ ಹರಳುಗಳನ್ನೆಲ್ಲ ಒಂದು ಬಕೆಟ್ಟಿಗೆ ಸುರಿದು ಸೋಡಾ ನೀರು ಹೊಯ್ದೆ. ಕೊನೆಯ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದೆ, ಬಹಳ ಹೊತ್ತು ನೋಡಿದೆ. ಆಮೇಲೆ ಅದನ್ನೂ ಹಾಕಿದೆ. ಕಂಪ್ಯೂಟರಿನಲ್ಲಿದ್ದ ಚಿತ್ರಗಳನ್ನೂ ಅಳತೆಗಳನ್ನೂ ಅಳಿಸಿದೆ, ಅವುಗಳಲ್ಲಿ ಅದನ್ನು ಮಾಡುವ ದಾರಿ ಇತ್ತು. ಇಷ್ಟಾದ ಮೇಲೆ ನನ್ನ ಮಾತಿಗೆ ಯಾವ ಪುರಾವೆಯೂ ಇಲ್ಲವಾಯಿತು.

ಮನೆಯವರಿಗೆ ಎಲ್ಲ ಹೇಳಿದೆ, ಯಾಕೆಂದರೆ ಅವರ ಬಟ್ಟೆಯನ್ನೂ ಕುದಿಸಬೇಕಿತ್ತು. ಎಷ್ಟು ನಂಬಿದರೋ ಗೊತ್ತಿಲ್ಲ. “ಹಂಗಾದ್ರ ನಿನ್ನ ಪ್ರಮೋಷನ್?” ಎಂದರು. ನಾನು ಅವರ ಅಂಗಿಗಳನ್ನು ಕುದಿಯುವ ನೀರಿಗೆ ಹಾಕಿದೆ. ಅವರು ಸೋಡಾ ಚೀಲ ಹೊತ್ತು ತಂದು ಮಾಳಿಗೆಯ ಮೇಲಿಟ್ಟರು.

ಹೀಗೆ ಊರೆಲ್ಲ ನೋಡುವಂತೆ ನಾನು ಸೀರೆ ಎತ್ತಿಕಟ್ಟಿ, ಕಸಬರಿಗೆ ಹಿಡಿದು, ನಮ್ಮ ಮನೆಯ ಮೇಲಿನ ಸಿರವಾರ ಸುಣ್ಣವನ್ನು ತಿಕ್ಕಿ ತೊಳೆದೆ. ಅಕ್ಕಪಕ್ಕದ ಮಾಳಿಗೆಗಳ ಅಂಚನ್ನೂ ಬಿಡಲಿಲ್ಲ, ಸುಣ್ಣಕ್ಕೆ ಹುಳ ಬಿದ್ದಿದೆ ಎಂದು ಏನೇನೋ ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅತ್ತೆ ಆಸ್ಪತ್ರೆಯಿಂದ ಬಂದು ಬೋಳು ತಗಡಿನ ಕೆಳಗೆ ನಿಂತು ಮೇಲೆ ನೋಡಿದರು. “ನಿನ್ನ ಹೊಟ್ಟ್ಯಾಗಿನ ಕಿಚ್ಚಿಗೆ ನನ್ನ ಖೋಲಿ ಬೇಯಿಸಬ್ಯಾಡವ್ವ,” ಎಂದು ತಮ್ಮ ಹಾಸಿಗೆ ಸುತ್ತಿಕೊಂಡು ನಡುಮನೆಗೆ ನಡೆದರು. ಅವರಿಗೂ ಹೇಳಬಹುದಿತ್ತು. ಆದರೆ ಅತ್ತೆಗೆ ಹೇಳಿದ್ದು ಸಂಜೆಯೊಳಗೆ ಓಣಿಗೆಲ್ಲ ಹೇಳಿದಂತೆ.

ತಿಕ್ಕುವ ಕೆಲಸ ಇನ್ನೂ ಮುಗಿದಿರಲಿಲ್ಲ, ಗೇಟಿನ ಮುಂದೆ ಕಾರು ನಿಂತಿತು. ಅಮರೇಶ ಇಳಿದ. ಎಷ್ಟೋ ವರ್ಷದ ಮೇಲೆ ಹತ್ತಿರದಿಂದ ನೋಡಿದೆ. ತಲೆ ಬೆಳ್ಳಗಾಗಿತ್ತು, ಅದೂ ಅವನಿಗೆ ಒಪ್ಪುತ್ತಿತ್ತು. ಕೈಯಲ್ಲಿ ತೆಂಗಿನಕಾಯಿ, ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆ. ಅಂಚೆಯಲ್ಲಿ ಕಳಿಸಿದರೆ ನಾನು ಬರುವವಳಲ್ಲ ಎಂದು ಮನೆಗೇ ಬಂದಿದ್ದ. ನಾನು ಇಳಿದು ಬಂದು, ಗೇಟಿನ ಚಿಲಕ ಹಾಕಿ, ದೂರದಲ್ಲೇ ನಿಂತೆ.

“ಒಳಗ ಕರೀಯಂಗಿಲ್ಲೇನು?” ಎಂದ.

“ಬ್ಯಾಡ. ಅಲ್ಲೇ ನಿಲ್ಲು.”

ನಮ್ಮ ಕಡೆ ಬಾಗಿಲಿಗೆ ಬಂದ ಶತ್ರುವಿಗೂ ನೀರು ಕೊಡುತ್ತಾರೆ. ನಾನು ಕೊಡಲಿಲ್ಲ. ಅವನ ಮುಖ ಸಣ್ಣದಾಯಿತು, ಆದರೂ ಹೇಳಬೇಕೆಂದು ಬಂದದ್ದನ್ನು ಹೇಳಿದ. “ಆ ಅಣು ನಿಂದು, ಶಿವಲೀಲಾ. ಅವತ್ತು ನೀ ಊಟಕ್ಕ ಹೋಗದಿದ್ರ ಹರಳೂ ನಿಂದೇ ಆಗ್ತಿತ್ತು. ಇಷ್ಟು ವರ್ಷ ಹೇಳಬೇಕಿತ್ತು, ಹೇಳ್ಲಿಲ್ಲ. ಎಲ್ಲರ ಮುಂದ ನಿನ್ನ ವೇದಿಕಿ ಮ್ಯಾಲ ನಿಲ್ಲಿಸಿ ಹೇಳ್ತೀನಿ. ನೀ ಬಾ, ಅಷ್ಟ.”

ಈ ಮಾತನ್ನು ನಾನು ಕನಸಿನಲ್ಲಿ ಅವನ ಬಾಯಿಂದ ಎಷ್ಟು ಸಲ ಆಡಿಸಿದ್ದೆನೋ. ಅದು ನಿಜವಾಗಿ ಬಂದಾಗ ನನ್ನ ಕೂದಲಲ್ಲಿ, ಉಗುರಲ್ಲಿ ಅವನ ಕಾರ್ಖಾನೆಯನ್ನು ಮುಗಿಸುವ ಹೆಪ್ಪು ಇತ್ತು. ಪತ್ರಿಕೆಯನ್ನು ಗೋಡೆಯ ಮೇಲಿಡು ಎಂದೆ. ಆಗ ಅವನ ಕಣ್ಣು ಕೊಳವೆಯಿಂದ ಬೀದಿಗೆ ಹರಿಯುತ್ತಿದ್ದ ಬೆಳ್ಳನೆಯ ನೀರಿನ ಮೇಲೆ, ನನ್ನ ಕೈಯ ಕಸಬರಿಗೆಯ ಮೇಲೆ, ಬೋಳಾದ ತಗಡಿನ ಮೇಲೆ ಹೋಯಿತು.

“ಇಷ್ಟು ಸಿಟ್ಟೇನು ನನ್ನ ಮ್ಯಾಲ?”

“ಹೌದು,” ಎಂದೆ. ಅವನನ್ನು ದೂರವಿಡಲು ಅದೊಂದೇ ಮಾತು ಸಾಕಿತ್ತು, ಮತ್ತು ಅದು ಸುಳ್ಳಾಗಿರಲಿಲ್ಲ. ಕಾಯಿಯನ್ನೂ ಪತ್ರಿಕೆಯನ್ನೂ ಗೋಡೆಯ ಮೇಲಿಟ್ಟು ಅವನು ಹೋದ.

ಮರುದಿನ ತಲೆ ಬೋಳಿಸಿಕೊಂಡೆ. ಬೇರೆ ದಾರಿ ಇರಲಿಲ್ಲ, ಉದ್ದ ಕೂದಲಲ್ಲಿ ಏನು ಕೂತಿದೆಯೋ ಬಲ್ಲವರಾರು. ಕಾಲೇಜಿನಲ್ಲಿ ಎಲ್ಲರೂ ತಿರುಪತಿಗೆ ಹರಕೆ ಎಂದುಕೊಂಡರು. ಪ್ರಮೋಷನ್ನಿಗೆ ಹರಕೆ ಇರಬೇಕು ಎಂದು ನಗೆಯಾಡಿದವರೂ ಇದ್ದರು. ಸಂದರ್ಶನದಲ್ಲಿ ಹೊಸ ಕೆಲಸ ಏನಿದೆ ಎಂದು ಕೇಳಿದರು. ಒಂದು ಇತ್ತು, ಉಳಿಯಲಿಲ್ಲ ಎಂದೆ. ಒಬ್ಬರು ಕೆಮ್ಮಿದರು, ಇನ್ನೊಬ್ಬರು ಗಡಿಯಾರ ನೋಡಿದರು. ಹುದ್ದೆ ನನಗಿಂತ ಕಿರಿಯವನಿಗೆ ಹೋಯಿತು. ಉದ್ಘಾಟನೆಯ ವರದಿ ಪತ್ರಿಕೆಯಲ್ಲಿ ಬಂತು. ಅಮರೇಶ ಗುರುಗಳನ್ನು ನೆನೆದಿದ್ದ, ಹೆಂಡತಿಯನ್ನು ನೆನೆದಿದ್ದ. ನನ್ನ ಹೆಸರು ಇರಲಿಲ್ಲ. ಗೇಟಿನಲ್ಲಿ ನಿಲ್ಲಿಸಿದವಳ ಹೆಸರನ್ನು ಅವನಾದರೂ ಯಾಕೆ ಹೇಳಬೇಕು. ಹಾಗೆಂದು ನನಗೆ ನಾನೇ ಹೇಳಿಕೊಂಡೆ, ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.

ಮಳೆಗಾಲ ಕಳೆಯುವವರೆಗೆ ಕಾದೆ. ಊರಿನ ಯಾವ ಛಾವಣಿಯೂ ಮಾಸಲಿಲ್ಲ. ಖಾತ್ರಿಯಾದ ಮೇಲೆ ಒಂದು ಬೆಳಿಗ್ಗೆ ಅಮರೇಶನಿಗೆ ಫೋನು ಮಾಡಿ, ಸೀಸೆಯಿಂದ ಹಿಡಿದು ಗೇಟಿನವರೆಗೆ ಎಲ್ಲ ಹೇಳಿದೆ. ದ್ರಾವಕ ಯಾವುದು, ಎಷ್ಟು ಬಿಸಿಯಲ್ಲಿ ಎಂಬುದನ್ನು ಮಾತ್ರ ಬಿಟ್ಟೆ. ಮೊದಲು ಅವನು ನಂಬಲಿಲ್ಲ. ಮಾತಿಗೊಂದು ಹೂಂ ಹಾಕುತ್ತ, ಮತ್ಸರದ ಹೆಂಗಸು ಇನ್ನೇನು ಹೇಳಿಯಾಳು ಎಂಬಂತೆ ಕೇಳುತ್ತಿದ್ದ. ಅಂಚಿನಿಂದ ತಿಳಿಯಾಗುತ್ತ ಬಂತು ಎಂದಾಗ ಅವನ ಹೂಂ ನಿಂತಿತು. ಆ ಒಂದು ಮಾತನ್ನು ಕಣ್ಣಾರೆ ಕಾಣದವರು ಕಟ್ಟಿ ಹೇಳಲಾರರು, ಅದು ಅವನಿಗೆ ಗೊತ್ತು. ಈಗ ಹೆದರುತ್ತಾನೆ, ಆಮೇಲೆ ಉಪಕಾರ ನೆನೆಯುತ್ತಾನೆ ಎಂದು ಕಾದೆ.

“ಹೆಂಗಿದ್ವು?” ಎಂದ.

ಸೂಜಿ ಹಾಗೆ, ನೀರಿನ ಹಾಗೆ ಎಂದೆ.

“ಒಂದರ ಉಳಿಸೀಯೇನು? ಒಂದ ಒಂದು?”

“ಇಲ್ಲ.”

“ಯಾವ ದ್ರಾವಕ, ಅದನ್ನರ ಹೇಳು. ನಾ ಯಾರಿಗೂ ಹೇಳಂಗಿಲ್ಲ. ಮಾಡಂಗಿಲ್ಲ. ಸುಮ್ನ ಗೊತ್ತಿರ್ಲಿ ಅಂತ.”

ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ವರ್ಷಗಟ್ಟಲೆ ನನ್ನ ಗಂಟಲಲ್ಲಿ ಕೂತು ನನ್ನನ್ನು ಸುಟ್ಟ ದನಿ ಅದು. ಡೀನ್ ಪಟ್ಟ, ಅಂಗಡಿ, ಕಾರ್ಖಾನೆ, ಊರವರ ಹಾರೈಕೆ ಎಲ್ಲ ಪಡೆದವನು, ನಾನು ಕಂಡದ್ದನ್ನು ತಾನು ಕಾಣಲಿಲ್ಲವಲ್ಲ ಎಂದು ಸಂಕಟಪಡುತ್ತಿದ್ದ. ಪಾಪ ಅನಿಸಬೇಕಿತ್ತು. ನನಗೆ ಅನಿಸಲಿಲ್ಲ.

“ಹೇಳಂಗಿಲ್ಲ, ಅಮರೇಶ,” ಎಂದೆ.

ಅವನು ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಮನೆಯವರ ಆರೋಗ್ಯ ಕೇಳುತ್ತಾನೆ, ಅತ್ತೆಯ ಖೋಲಿಗೆ ಹೊಸ ಡಬ್ಬಿ ಕಳಿಸಲೇ ಎನ್ನುತ್ತಾನೆ, ಕಡೆಗೆ ಆ ಹರಳು ಬೆಳಕಿಗೆ ಹಿಡಿದರೆ ಹೇಗೆ ಕಾಣುತ್ತಿತ್ತು ಎಂದು ಕೇಳುತ್ತಾನೆ. ಬಹಳ ಚೆಂದ ಇತ್ತು ಎನ್ನುತ್ತೇನೆ. ಅಷ್ಟಕ್ಕೇ ನಿಲ್ಲಿಸಿ ಫೋನು ಇಡುತ್ತೇನೆ.